ಮೊದಲ ಪಂಕ್ತಿ

ನಮ್ಮ ಮೊದಲ ಅರ್ಜಿಯನ್ನು ಹಾಳು ಮಾಡಿದ್ದು ಕೋಳಿ ಸಾರು. ಇದನ್ನು ನಾನು ಎಲ್ಲಿ ಹೇಳಿದರೂ ಜನ ನಗುತ್ತಾರೆ. ನಗಲಿ. ಆಗ ನನಗೆ ನಗು ಬಂದಿರಲಿಲ್ಲ, ಮೈಯೆಲ್ಲ ಉರಿದುಹೋಗಿತ್ತು. ಸರ್ಕಾರ ನಮ್ಮನ್ನು ಕೈಬಿಟ್ಟಿತು ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಹಾಗಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಕೆಡಿಸಿಕೊಂಡವರು ನಾವೇ. ಅದೂ ಎಷ್ಟು ರುಚಿಯಾಗಿ ಕೆಡಿಸಿಕೊಂಡೆವೆಂದರೆ, ಬಂದ ಅಧಿಕಾರಿಗಳು ಎರಡನೇ ಸಲ ಬಡಿಸಿಕೊಂಡು ಉಂಡು ಹೋದರು.

ನಮ್ಮದು ಶಿರೂರಿನ ಕಡಲ ಬದಿಯ ಮನೆ. ಗಂಡ ಬೋಟಿಗೆ ಹೋಗುವವರು. ಅತ್ತೆ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು; ಅವರ ಮಂಡಿ ಸೋತ ಮೇಲೆ ಆ ಬುಟ್ಟಿ ನನ್ನ ತಲೆಗೆ ಬಂತು. ನಮಗೆ ಒಬ್ಬಳೇ ಮಗಳು. ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾಯಿತು. ಕೈಕಾಲು ಸೆಟೆದುಕೊಂಡಿವೆ, ಮಾತಿಲ್ಲ, ತಾನಾಗಿ ಕೂರಲಾರಳು, ಆಗಾಗ ಫಿಟ್ಸ್ ಬರುತ್ತದೆ. ಆದರೆ ಅವಳಿಗೆ ಗೊತ್ತಾಗದ್ದು ಯಾವುದೂ ಇಲ್ಲ. ಅಪ್ಪನ ಚಪ್ಪಲಿಯ ಸದ್ದು ಅಂಗಳದಾಚೆ ಕೇಳಿದರೆ ಕಣ್ಣು ಅಗಲವಾಗುತ್ತದೆ. ಅಜ್ಜಿ ಬಯ್ದರೆ ನಗುತ್ತಾಳೆ, ನಾನು ಬಯ್ದರೆ ಇನ್ನೂ ಜೋರಾಗಿ ನಗುತ್ತಾಳೆ. ಈ ಮನೆಯಲ್ಲಿ ನನ್ನ ಸಿಟ್ಟಿಗೆ ಮರ್ಯಾದೆ ಕೊಡದವಳು ಅವಳೊಬ್ಬಳೇ.

ಅವಳಿಗೆ ಉಣಿಸುವುದು ದೊಡ್ಡ ಕೆಲಸ. ಗಂಜಿಯನ್ನೂ ಮುಳ್ಳು ತೆಗೆದ ಮೀನನ್ನೂ ಒಟ್ಟಿಗೆ ನುಣ್ಣಗೆ ಅರೆಯಬೇಕು. ಅವಳನ್ನು ಎದೆಗೆ ಒರಗಿಸಿ ನೆಟ್ಟಗೆ ಕೂರಿಸಿ, ಚಮಚದ ತುದಿಯಲ್ಲಿ ಒಂದಿಷ್ಟು ಇಟ್ಟು, ಗಂಟಲಿನಿಂದ ಇಳಿಯಿತೇ ಎಂದು ಕಾಯಬೇಕು. ಆತುರಪಟ್ಟರೆ ಗಂಜಿ ಉಸಿರಿನ ದಾರಿ ಹಿಡಿಯುತ್ತದೆ. ಆಮೇಲೆ ಕೆಮ್ಮು, ಜ್ವರ, ಆಸ್ಪತ್ರೆ. ಅರ್ಧ ಊಟ ಹೊಟ್ಟೆಗೆ, ಅರ್ಧ ಊಟ ಅವಳ ಅಂಗಿಗೆ ಮತ್ತು ನನ್ನ ಸೀರೆಗೆ. ಅದು ಮುಗಿಯುವಷ್ಟರಲ್ಲಿ ಮೀನು ಮಾರುಕಟ್ಟೆಯ ಹೊತ್ತು ಮುಗಿದಿರುತ್ತದೆ. ಹಾಗಾಗಿ ನನ್ನ ಬುಟ್ಟಿ ಎಷ್ಟೋ ಕಾಲದಿಂದ ಹಿತ್ತಿಲಲ್ಲಿ ಬೋರಲಾಗಿ ಬಿದ್ದಿತ್ತು.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಅವಳನ್ನು ಬ್ರಹ್ಮಾವರದ ಕಡೆಯ ಒಂದು ಚಿಕಿತ್ಸಾಲಯಕ್ಕೆ ಕರೆದೊಯ್ಯುತ್ತಿದ್ದೆ. ಶಿರೂರಿನಿಂದ ಕುಂದಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಸಣ್ಣವಳಿದ್ದಾಗ ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆ. ಮಗಳು ಬೆಳೆದಳು, ನನ್ನ ಸೊಂಟ ಬೆಳೆಯಲಿಲ್ಲ. ಒಂದು ದಿನ ಕಂಡಕ್ಟರ್, “ಹ್ವಾಯ್, ಇಷ್ಟ್ ದೊಡ್ಡ್ ಹೆಣ್ಣನ್ ಎತ್ಕಂಡ್ ಎಂತಕ್ ತಿರ್ಗತ್ರಿ? ಮನೇಲಿ ಮಲ್ಗ್ಸುಕಾಗ್ದಾ?” ಎಂದ. “ನಿನ್ ಬಸ್ಸನ್ನ ಮನೇಲಿ ನಿಲ್ಸುಕಾಗ್ದಾ? ಆಗ ನಾನೂ ಬತ್ತಿಲ್ಲ ಮಾರಾಯಾ,” ಎಂದೆ. ಬಸ್ಸಿನವರೆಲ್ಲ ನಕ್ಕರು. ಆದರೆ ಇಳಿಯುವಾಗ ಕಂಬಿಗೆ ಆತುಕೊಂಡೇ ಮೆಟ್ಟಿಲಿಳಿದೆ, ಅದನ್ನು ನಾನು ಯಾರಿಗೂ ತೋರಿಸಲಿಲ್ಲ. ಆಮೇಲಾಮೇಲೆ ವಾರಗಳು ತಪ್ಪತೊಡಗಿದವು. ಚಿಕಿತ್ಸಾಲಯದ ಮೇಡಂ ಮಗಳ ಬೆನ್ನನ್ನು ತಡವಿ ನೋಡಿ, “ವ್ಯಾಯಾಮ ದಿನಾ ಆಗಬೇಕಮ್ಮ. ಬೆನ್ನು ಹೀಗೇ ಬಾಗುತ್ತ ಹೋದರೆ ಉಸಿರಾಟಕ್ಕೇ ಕಷ್ಟ ಆಗುತ್ತೆ,” ಎಂದರು. ವಾರಕ್ಕೊಮ್ಮೆಯೇ ಹೊತ್ತು ತರಲಾರದವಳು ದಿನಾ ಎಲ್ಲಿಂದ ತರಲಿ?

ಕೋಟದ ಅಕ್ಕ ನನಗೆ ಸಿಕ್ಕಿದ್ದು ಆ ಚಿಕಿತ್ಸಾಲಯದ ಬೆಂಚಿನ ಮೇಲೆ. ಗದ್ದೆ, ತೆಂಗು, ದೊಡ್ಡ ಮನೆ. ಗಂಡನಿಗೆ ಮುಂಬಯಿಯಲ್ಲಿ ಹೋಟೆಲು. ಅವರ ಮಗನಿಗೆ ಮಾತು ಬಾರದು, ಮೂರ್ಛೆ ರೋಗ ಬೇರೆ. ನೋವಾದರೂ ಹೆದರಿಕೆಯಾದರೂ ಹೇಳಲು ಬರದೆ ತಲೆ ಚಚ್ಚಿಕೊಳ್ಳುತ್ತಿದ್ದ. ಅಕ್ಕ ಎಂಥ ಸೆಕೆಯಲ್ಲೂ ಮುಂಗೈಯವರೆಗಿನ ತೋಳಿನ ರವಿಕೆ ತೊಡುತ್ತಿದ್ದರು. ಮುಂಬಯಿಯ ಫ್ಯಾಷನ್ ಇರಬೇಕು ಎಂದುಕೊಂಡಿದ್ದೆ. ಅಂಥ ಮನೆಗಳ ಗೇಟಿನಲ್ಲಿ ಬುಟ್ಟಿ ಇಳಿಸಿ “ಅಮ್ಮಾ” ಎಂದು ಕೂಗಿ ಅಭ್ಯಾಸವಾದ್ದರಿಂದ ಮೊದಮೊದಲು ಅವರನ್ನೂ ಅಮ್ಮ ಎನ್ನುತ್ತಿದ್ದೆ. ಒಂದು ದಿನ ಅವರ ಮಗನಿಗೆ ಬೆಂಚಿನ ಮೇಲೇ ಫಿಟ್ಸ್ ಬಂದಾಗ ನಾನು ಹಿಡಿದುಕೊಂಡೆ. ಅವರು ಕಣ್ಣೊರೆಸಿಕೊಂಡು, “ಅಮ್ಮ ಅಂಬುದ್ ಬ್ಯಾಡ. ಅಕ್ಕ ಅನ್ನ್, ಸಾಕ್,” ಎಂದರು. ಅಂದಿನಿಂದ ಅಕ್ಕ.

ಆ ಬೆಂಚಿನ ಮೇಲೇ ನಮ್ಮ ಗುಂಪು ಬೆಳೆಯಿತು. ಬಾರ್ಕೂರಿನಿಂದ, ಬೈಂದೂರಿನಿಂದ, ಕುಂದಾಪುರದ ಸುತ್ತಮುತ್ತಲಿಂದ ಬರುವ ತಾಯಂದಿರು. ದಾನ ಮಾಡುವವರು ನಮಗೇನೂ ಕಡಿಮೆ ಇರಲಿಲ್ಲ. ಬರುತ್ತಾರೆ, ಗಾಲಿಕುರ್ಚಿ ಕೊಡುತ್ತಾರೆ, ಶಾಲು ಹೊದೆಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಮನೆಯಂಗಳದ ಮರಳಿನಲ್ಲಿ ಆ ಕುರ್ಚಿಯ ಗಾಲಿ ಒಂದು ಸುತ್ತೂ ತಿರುಗಲಿಲ್ಲ. ಅತ್ತೆ ಅದರ ಮೇಲೆ ಹಪ್ಪಳ ಒಣಗಿಸಿದರು. ನಮಗೆ ಬೇಕಿದ್ದದ್ದು ಒಂದು ದಿನದ ದಾನವಲ್ಲ. ಶಾಲೆಗೆ ನಡೆದು ಹೋಗುವ ಮಗುವಿಗೆ ಸರ್ಕಾರ ಮೇಷ್ಟರನ್ನು ಕೊಡುತ್ತದೆ, ಪುಸ್ತಕ ಕೊಡುತ್ತದೆ, ಬಿಸಿಯೂಟ ಹಾಕುತ್ತದೆ. ನಡೆಯಲಾರದ ಮಗು ಆ ಸರ್ಕಾರಕ್ಕೆ ಮಗುವಲ್ಲವೇ? ಹಗಲು ಮಕ್ಕಳನ್ನು ನೋಡಿಕೊಳ್ಳುವ ಒಂದು ಕೇಂದ್ರ, ದಿನಾ ವ್ಯಾಯಾಮ ಮಾಡಿಸುವವರು, ಉಣಿಸಲು ಆಯಾಗಳು, ಮನೆಯಿಂದ ಕರೆದೊಯ್ಯಲು ವಾಹನ, ಇವಿಷ್ಟಕ್ಕೆ ಸರ್ಕಾರದ ಅನುದಾನ ಬೇಕು ಎಂದು ಅರ್ಜಿ ಬರೆದೆವು. ಬೈಂದೂರು, ಕುಂದಾಪುರ, ಬ್ರಹ್ಮಾವರ, ಮೂರು ತಾಲ್ಲೂಕಿಗೂ ಒಂದೊಂದು ಕೇಂದ್ರ ಎಂದೇ ಬರೆದೆವು. ಕೇಳುವಾಗ ಯಾಕೆ ಜಿಪುಣತನ?

ಜಿಲ್ಲೆಯಿಂದ ಉತ್ತರ ಬಂತು: ಅಧಿಕಾರಿಗಳು ಮಕ್ಕಳನ್ನೂ ಕುಟುಂಬಗಳನ್ನೂ ನೋಡಲು ಬರುತ್ತಾರೆ. ನಮಗೆ ಆಕಾಶವೇ ಕೈಗೆ ಸಿಕ್ಕಿದ ಹಾಗಾಯಿತು. ಎಲ್ಲರೂ ಒಂದೇ ಕಡೆ ಸೇರುವುದೆಂದಾಯಿತು. ಯಾರ ಮನೆ? ಕುರ್ಚಿಗಳಿರುವ ಮನೆ, ಕಾರು ತಿರುಗಿಸಲು ಅಂಗಳವಿರುವ ಮನೆ, ಅಂದರೆ ಕೋಟದ ಅಕ್ಕನ ಮನೆ. ಅಲ್ಲಿಗೇ ನಮ್ಮ ತಪ್ಪು ಶುರುವಾಯಿತು.

ನಮ್ಮ ಕಡೆ ಮನೆಗೆ ಬಂದವರು ಮೊದಲ ಪಂಕ್ತಿಗೆ ಕೂರಬೇಕು, ಮನೆಯವರು ಕೊನೆಯ ಪಂಕ್ತಿಗೆ. ಉಣ್ಣುತ್ತಿರುವವರ ಎದುರು ಕಷ್ಟ ಹೇಳಬಾರದು, ಅಳಬಾರದು. ಹೇಳಿದರೆ ಉಂಡದ್ದು ಅವರ ಮೈಗೆ ಹತ್ತುವುದಿಲ್ಲವಂತೆ. ಈ ಪಾಠ ನಮಗೆಲ್ಲ ಹಾಲು ಕುಡಿಯುವಾಗಲೇ ಆಗಿದೆ. ಹಿಂದಿನ ದಿನದಿಂದಲೇ ಸಡಗರ. ಯಾರೋ ತೆಂಗಿನಕಾಯಿ ತುರಿದರು, ಯಾರೋ ನೀರುದೋಸೆಗೆ ರುಬ್ಬಿದರು. ಕೋಳಿ ಸಾರಿನ ಮಸಾಲೆ ಹುರಿಯಲು ನನ್ನ ಅತ್ತೆಯನ್ನೇ ಶಿರೂರಿನಿಂದ ಕರೆಸಿಕೊಂಡರು. ಮಕ್ಕಳಿಗೆ ಬೆಳಿಗ್ಗೆಯೇ ಸ್ನಾನ ಮಾಡಿಸಿ, ಪೌಡರ್ ಹಚ್ಚಿ, ಹಬ್ಬದ ಬಟ್ಟೆ ತೊಡಿಸಿ ಚಾವಡಿಯಲ್ಲಿ ಸಾಲಾಗಿ ಮಲಗಿಸಿದೆವು. ನನ್ನ ಮಗಳಿಗೆ ಗುಲಾಬಿ ಬಣ್ಣದ ಹೊಸ ಫ್ರಾಕು, ತಲೆಗೆ ಅಬ್ಬಲಿಗೆ ಹೂವು. ಉಣಿಸಿದರೆ ಫ್ರಾಕು ಗಲೀಜಾಗುತ್ತದೆ, ಅವರು ಹೋಗಲಿ, ಆಮೇಲೆ ಉಣಿಸಿದರಾಯಿತು ಎಂದರು ಎಲ್ಲರೂ. ನಾನೂ ಹೂಂ ಎಂದೆ. ಅಕ್ಕನ ಮಗ ಒಳಕೋಣೆಯಲ್ಲಿ ಗಾಢ ನಿದ್ದೆಯಲ್ಲಿದ್ದ. ದಿನಾ ಹಗಲು ಕಣ್ಣು ಮುಚ್ಚದವನು ಇವತ್ತು ಎಷ್ಟು ಚಂದ ಮಲಗಿದ್ದಾನೆ, ದೇವರೇ ಕಾಪಾಡಿದ ಎಂದುಕೊಂಡೆ.

ಅಧಿಕಾರಿ ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ. ಮಕ್ಕಳ ತಲೆ ಸವರಿದರು, ಅಕ್ಕನ ಮಗನನ್ನು ಬಾಗಿಲಿನಿಂದಲೇ ನೋಡಿ ಸದ್ದು ಮಾಡದೆ ಹಿಂದೆ ಬಂದರು. ನಾವು ಬಾಯಿ ತೆರೆಯುವ ಮೊದಲೇ ಎಲೆ ಹಾಕಿದ್ದಾಗಿತ್ತು. ಉಣ್ಣುತ್ತ ಅವರೇ, “ಏನಾದರೂ ಹೇಳುವುದಿದೆಯಾ?” ಎಂದು ಕೇಳಿದರು. “ಮೊದಲ್ ಉಣಿ ಸಾರ್, ಅದೆಲ್ಲ ಮತ್ತ್,” ಎಂದರು ಅತ್ತೆ. ಉಂಡ ಮೇಲೆ ಅವರಿಗೆ ಬೇರೆಲ್ಲಿಗೋ ಹೋಗುವುದಿತ್ತು. ಹೊರಡುವಾಗ ಕೈಮುಗಿದು, “ನೀವು ಮಕ್ಕಳನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಲ್ಲ, ಸಂತೋಷ,” ಎಂದರು. ಕಾರು ತಿರುಗಿ ಹೋದಾಗ ಮಗಳು ಹಸಿದು ಕೆಂಪಾಗಿದ್ದಳು. ಅವಳಿಗೆ ಅಳುವುದಕ್ಕೂ ಗಟ್ಟಿ ದನಿಯಿಲ್ಲ.

ಕೆಲವು ವಾರಗಳ ಮೇಲೆ ಉತ್ತರ ಬಂತು. ಭೇಟಿಯ ವೇಳೆ ಮಕ್ಕಳು ಕುಟುಂಬದ ಆರೈಕೆಯಲ್ಲಿ ನೆಮ್ಮದಿಯಿಂದ ಇರುವುದು ಕಂಡುಬಂದಿದೆ, ಆದ್ದರಿಂದ ಸದ್ಯಕ್ಕೆ ಅನುದಾನದ ಅಗತ್ಯ ಕಂಡುಬರುವುದಿಲ್ಲ. ಓದಿ ಹೇಳಿದಾಗ ಅತ್ತೆ ಗೋಡೆಗೆ ಒರಗಿ ಕೂತರು. “ಉಂಡ್ಕಂಡ್ ಹೋದ್ರ್, ಕಂಡ್ಕಂಡ್ ಹೋಯ್ಲಿಲ್ಲ,” ಎಂದರು. ಅವರು ಕಂಡದ್ದನ್ನೇ ಬರೆದಿದ್ದರು, ಅದೇ ನನ್ನ ಹೊಟ್ಟೆ ಉರಿಸಿದ್ದು. ಕಾಣಿಸಿದವರು ನಾವು.

ಅಕ್ಕನಿಗೆ ಫೋನ್ ಮಾಡಿ ಕೂಗಾಡಿದೆ. “ಇನ್ನ್ ಮಕ್ಳನ್ ಇದ್ದ್ ಹಾಂಗೇ ತೋರ್ಸ್ಕ್ ಅಕ್ಕಾ. ಮೀನಿನ್ ಬುಟ್ಟಿ ಮುಚ್ಚಿಟ್ರೆ ಯಾರಾದ್ರೂ ತಕಂತ್ರಾ?” ಎಂದೆ. ಅಕ್ಕ, “ನನ್ ಮಗ ಮೀನಲ್ಲ. ಅವ್ನನ್ ನಾಲ್ಕ್ ಜನ್ರೆದ್ರ್ ತಲೆ ಚಚ್ಕಂಬುಕೆ ಬಿಟ್ಟ್ ನಾನ್ ಕೇಳುದಾ? ನನ್ನಿಂದಾಪುದಲ್ಲ,” ಎಂದು ಫೋನ್ ಇಟ್ಟರು. ಅವರು ಹೇಳಿದ್ದರಲ್ಲೂ ಸತ್ಯವಿತ್ತು. ನನಗೂ ನನ್ನ ಮಗಳ ಬಾಯಿಯಿಂದ ಇಳಿಯುವ ಜೊಲ್ಲನ್ನು ಕಂಡವರು ಮುಖ ತಿರುಗಿಸುವುದು ಸಹಿಸದು. ಆದರೆ ಬೆನ್ನು ಬಾಗುತ್ತಿತ್ತಲ್ಲ? ನಮ್ಮ ನಾಚಿಕೆ ಮುಗಿಯುವವರೆಗೆ ಅದು ಕಾಯುತ್ತದೆಯೇ?

ಅಷ್ಟರಲ್ಲಿ ಮಳೆ ಹಿಡಿಯಿತು, ಮೀನುಗಾರಿಕೆಗೆ ರಜೆ ಬಂತು. ಮಳೆಗಾಲದ ಮೊದಲ ತಿಂಗಳುಗಳಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ; ಗಂಡಸರೆಲ್ಲ ಬಲೆ ರಿಪೇರಿ ಮಾಡುತ್ತ ಮನೆಯಲ್ಲಿರುತ್ತಾರೆ. ಆ ಸಲ ನನಗೆ ಜ್ವರ ಬಂದು ಮಲಗಿದೆ. ಮಗಳಿಗೆ ಉಣಿಸುವ ಕೆಲಸ ಮೊದಲ ಬಾರಿಗೆ ಅಪ್ಪನ ಕೈಗೆ ಬಿತ್ತು. ಒಂದು ಊಟ ಮುಗಿಸಿ ಬೆವರು ಒರೆಸಿಕೊಂಡು ಬಂದು, “ಇದ್ ಬೋಟಿನ್ ಕೆಲ್ಸಕ್ಕಿಂತ ಕಷ್ಟ ಮಾರಾಯ್ತಿ. ಅಲ್ಲಾರೆ ಬಲೆ ಎಳ್ದ್ ಮೇಲೆ ಒಂಚೂರ್ ಕೂಕಂಬುಕಾತ್ತ್,” ಎಂದರು. ನಾನು ಹೊದಿಕೆಯೊಳಗೇ ನಕ್ಕೆ. ಆಮೇಲೆ ಅವರು ಏನೂ ಹೇಳದೆ ಹಳೆಯ ಬಲೆಯ ಹಗ್ಗ ಬಿಚ್ಚಿ ಒಂದು ಜೋಲಿ ಹೆಣೆಯಲು ಕೂತರು. ಬೆನ್ನಿಗೆ ಆನಿಕೆ, ತೊಡೆಗೆ ಪಟ್ಟಿ, ಹೊರುವವರ ಹೆಗಲಿಗೆ ಮೆತ್ತನೆಯ ಬಟ್ಟೆ. ಮಗಳನ್ನು ಅದರಲ್ಲಿ ಕೂರಿಸಿ ಬೆನ್ನಿಗೆ ಕಟ್ಟಿಕೊಂಡು ಅಂಗಳ ಸುತ್ತಿದರು. ಅವಳ ಕೇಕೆ ಪಕ್ಕದ ಮನೆಗೂ ಕೇಳಿತು. “ಬೈಂದೂರಂಗ್ ಜನ್ರ್ ದೂರ್ ಕೇಂಬ ಸಭೆ ಇತ್ತಂಬ್ರ್, ಜಿಲ್ಲೆಯರ್ ಬತ್ರಂಬ್ರ್. ಹೋಪ. ಹೊರುದ್ ನಾನ್,” ಎಂದರು.

ಆ ಅಹವಾಲು ಸಭೆಗೆ ನಾವು ಸಿಂಗರಿಸಿಕೊಂಡು ಹೋಗಲಿಲ್ಲ. ಗಲಾಟೆ ಮಾಡಲೂ ಹೋಗಲಿಲ್ಲ. ಮಕ್ಕಳು ಮನೆಯಲ್ಲಿ ಉಣ್ಣುವ ಹೊತ್ತಿಗೆ ಅಲ್ಲಿ ಉಣಿಸುವುದು, ಬಟ್ಟೆ ಬದಲಿಸುವ ಹೊತ್ತಿಗೆ ಸೀರೆ ಅಡ್ಡ ಹಿಡಿದು ಬದಲಿಸುವುದು, ನಮ್ಮ ಸರದಿ ಬಂದಾಗ ಮಾತಾಡುವುದು, ಇಷ್ಟೇ ಮಾತಾಗಿತ್ತು. ಮಳೆಯಲ್ಲಿ ಕೊಡೆ ಹಿಡಿದು, ಮಕ್ಕಳನ್ನು ಹೊತ್ತು ಬಂದ ಗಂಡಸರನ್ನು ಕಂಡು ಪೊಲೀಸಿನವರೇ ದಾರಿ ಬಿಟ್ಟರು. ನಾವು ಸಭಾಂಗಣದ ಬದಿಯಲ್ಲಿ ಚಾಪೆ ಹಾಸಿದೆವು. ಅಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು, ಮಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅದೇ ಉದ್ದ ತೋಳಿನ ರವಿಕೆಯಲ್ಲಿ. ನನ್ನ ಹತ್ತಿರ ಮಾತಾಡಲಿಲ್ಲ, ಆದರೆ ನನ್ನ ಚಾಪೆಯ ಮೇಲೇ ಕೂತರು.

ವೇದಿಕೆಯ ಮೇಲೆ ಅದೇ ಅಧಿಕಾರಿ. ನಮ್ಮ ಸರದಿ ಕೂಗಿದಾಗ ಮಗಳ ಬಾಯಲ್ಲಿ ಚಮಚವಿತ್ತು. “ಒಂಚೂರ್ ತಡೀನಿ ಸಾರ್, ಈ ತುತ್ತ್ ಇಳೀಲಿ,” ಎಂದೆ ಕೂತಲ್ಲಿಂದಲೇ. ತುತ್ತು ಇಳಿಯಲಿಲ್ಲ. ಎಲ್ಲರೂ ನನ್ನ ಮಗಳ ಗಂಟಲನ್ನೇ ನೋಡುತ್ತಿದ್ದರು. ಕೊನೆಗೆ ಇಳಿಯಿತು, ನಾನು ಇನ್ನೊಂದು ತುತ್ತು ಇಟ್ಟೆ. ಅಧಿಕಾರಿ ಎದ್ದು ಕೆಳಗೆ ಬಂದರು. ಅಕ್ಕನ ಗುರುತು ಹಿಡಿದು, “ನೀವು... ಕೋಟದಲ್ಲಿ ನಿಮ್ಮ ಮನೆಗೆ ಬಂದಿದ್ದೆವಲ್ಲ. ಮಕ್ಕಳು ಆರಾಮಾಗಿದ್ದರು. ಈ ಹುಡುಗ ಮಲಗಿದ್ದ,” ಎಂದರು.

ಅಕ್ಕ ಎದ್ದು ನಿಂತರು. ದೊಡ್ಡವರ ಎದುರು ಪುಸ್ತಕದ ಕನ್ನಡ ಬಿಟ್ಟು ಮಾತಾಡದವರು ಆ ದಿನ ನಮ್ಮ ಮಾತಿನಲ್ಲೇ ಮಾತಾಡಿದರು.

“ಅವ ಮಲ್ಗಿದ್ದಲ್ಲ ಸಾರ್. ನಾನೇ ಮಲ್ಗ್ಸಿದ್ದ್. ರಾತ್ರಿ ಕೊಡು ಮದ್ದನ್ನ ಬೆಳಿಗ್ಗೆಯೇ ಕೊಟ್ಟಿದ್ದೆ, ನೀವ್ ಬಪ್ಪತ್ತಿಗೆ ಸದ್ದ್ ಮಾಡೂಕಾಗ ಅಂದೇಳಿ.” ಹೀಗೆಂದು ರವಿಕೆಯ ತೋಳನ್ನು ಮೇಲಕ್ಕೆ ಮಡಚಿದರು. ಮುಂಗೈಯಿಂದ ಮೊಣಕೈವರೆಗೆ ಹಲ್ಲಿನ ಗುರುತುಗಳು, ಕೆಲವು ಹಳೆಯವು, ಒಂದು ಇನ್ನೂ ಕೆಂಪಾಗಿತ್ತು. “ತಲೆ ಚಚ್ಕಂಬತ್ತಿಗೆ ಕೈ ಅಡ್ಡ ಕೊಡ್ತೆ. ಆಗ ಕಚ್ಚತ್ತ. ಅವ್ನಿಗ್ ನನ್ ಮೇಲ್ ಸಿಟ್ಟಿಲ್ಲ ಸಾರ್, ಎಲ್ಲಿ ನೋವಂದ್ ಹೇಳುಕ್ ಬತ್ತಿಲ್ಲ, ಅಷ್ಟೇ. ಮನೆ ದೊಡ್ಡದಿತ್ತ್, ಕಾರಿತ್ತ್. ಇವ್ನನ್ ಹಿಡ್ಕಂಬುಕೆ ಈ ಎರಡೇ ಕೈ ಇಪ್ಪುದ್.”

ಅಧಿಕಾರಿಯ ಮುಖ ಬಿಳಿಚಿಕೊಂಡಿತು. “ಅವತ್ತೇ ಯಾಕಮ್ಮ ಹೇಳಲಿಲ್ಲ? ನಾನು ಕೇಳಿದ್ದೆನಲ್ಲ?”

“ನೀವ್ ಉಣ್ತಾ ಇದ್ರಿ,” ಎಂದರು ಅಕ್ಕ. “ಉಂಬರ್ ಎದ್ರ್ ಹ್ಯಾಂಗ್ ಹೇಳುದ್?”

ಆ ಮಾತಿಗೆ ಸಭೆಯಲ್ಲಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿದರು, ಯಾಕೆಂದರೆ ಅವರ್‍ಯಾರೂ ಆ ಜಾಗದಲ್ಲಿದ್ದರೆ ಹೇಳುತ್ತಿರಲಿಲ್ಲ. ಆ ಉದ್ದ ತೋಳನ್ನು ನಾನು ಫ್ಯಾಷನ್ ಅಂದುಕೊಂಡಿದ್ದೆನಲ್ಲ! ಅಕ್ಕನ ಮಗ ತಾಯಿಯ ಮಡಚಿದ ತೋಳನ್ನೇ ನೋಡುತ್ತಿದ್ದ. ಅಧಿಕಾರಿ ಚಾಪೆಯ ಅಂಚಿನಲ್ಲಿ ಕೂತು, ನಾನು ಮಗಳಿಗೆ ಕೊನೆಯ ತುತ್ತು ಉಣಿಸಿ ಮುಗಿಸುವವರೆಗೆ ಏಳಲಿಲ್ಲ. ಹಿಂದಿನ ವರದಿಯನ್ನು ಬದಿಗಿಟ್ಟು ಹೊಸದಾಗಿ ಬರೆಯುತ್ತೇನೆ ಎಂದು ಎಲ್ಲರೆದುರು ಹೇಳಿ ಹೋದರು.

ಬರೆದರು. ಬರೆದ ಕೂಡಲೇ ಸರ್ಕಾರ ಓಡಿ ಬಂತು ಎಂದಲ್ಲ. ಕಡತ ಬೆಂಗಳೂರಿಗೆ ಹೋಯಿತು, ಅಲ್ಲಿ ಮಲಗಿತು, ನಾವು ಎಬ್ಬಿಸಿದೆವು. ಓಟು ಕೇಳಲು ಬಂದವರಿಗೆಲ್ಲ ಮಕ್ಕಳಿಗೆ ಉಣಿಸುವ ಹೊತ್ತಿನಲ್ಲೇ ಬನ್ನಿ ಎಂದೆವು. ಯಾರೇ ಬರಲಿ, ಬರೀ ಚಹಾ ಕೊಟ್ಟೆವು. ಮಂಜೂರಾಯಿತು ಎಂಬ ಫೋನ್ ಬಂದಾಗ ನಾನು ಬಂಗುಡೆ ಕೊಯ್ಯುತ್ತಿದ್ದೆ. ಕತ್ತಿ ಬಿಟ್ಟು ಎದ್ದವಳು ಕೂಗಿದ ಕೂಗಿಗೆ ಕಾಗೆಗಳೆಲ್ಲ ಹಾರಿದವು, ಮೀನು ಬೆಕ್ಕಿನ ಪಾಲಾಯಿತು. ಮಗಳಿಗೆ ಏನೂ ಹೇಳಬೇಕಾಗಲಿಲ್ಲ, ನನ್ನ ಕೂಗಿಗೇ ನಗತೊಡಗಿದ್ದಳು. ಮೂರು ಕೇಳಿದ್ದಕ್ಕೆ ಒಂದು ಸಿಕ್ಕಿತು: ಕುಂದಾಪುರದ ಹತ್ತಿರ, ಮಕ್ಕಳಿಲ್ಲದೆ ಬಾಗಿಲು ಮುಚ್ಚಿದ್ದ ಒಂದು ಸರ್ಕಾರಿ ಶಾಲೆಯ ಕಟ್ಟಡದಲ್ಲಿ. ಉತ್ತರಕ್ಕೊಂದು ವಾಹನ, ದಕ್ಷಿಣಕ್ಕೊಂದು ವಾಹನ. ದಿನಾ ವ್ಯಾಯಾಮ. ಬೈಂದೂರಿನದ್ದನ್ನೂ ಬ್ರಹ್ಮಾವರದ್ದನ್ನೂ ಈಗಲೂ ಕೇಳುತ್ತಿದ್ದೇವೆ, ಬಿಡುವವರಲ್ಲ.

ಕೇಂದ್ರ ತೆರೆಯುವ ದಿನ ಅಕ್ಕ ಗಿಡ್ಡ ತೋಳಿನ ರವಿಕೆ ತೊಟ್ಟು ಬಂದರು. ಕೈ ಮೇಲಿನ ಗುರುತು ಕಂಡವರು ಕೇಳಿದರೆ ಹೇಳಿದರು, ಕೇಳದವರಿಗೆ ಹೇಳಲಿಲ್ಲ. ಅತ್ತೆ ಹಟ ಹಿಡಿದು ಕೋಳಿ ಸಾರು ಮಾಡಿದರು. ನಾವು ಬೇಡವೆಂದರೂ ಕೇಳಲಿಲ್ಲ. ಅಧಿಕಾರಿಗಳು, ಪಂಚಾಯಿತಿಯವರು, ರಾಜಕೀಯದವರು ಎಲ್ಲ ಭಾಷಣ ಮುಗಿಸಿ ಕೈ ತೊಳೆದು ಬಂದು ಊಟದ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಮೊದಲ ಪಂಕ್ತಿ ಆಗಲೇ ಕೂತಿತ್ತು. ಗೋಡೆಯ ಉದ್ದಕ್ಕೂ ನಮ್ಮ ಮಕ್ಕಳು, ಕೆಲವರು ಆಯಾಳ ಎದೆಗೊರಗಿ, ಕೆಲವರು ಅಪ್ಪನ ತೊಡೆಯ ಮೇಲೆ. ಅತ್ತೆ ಬಾಗಿಲಿಗೆ ಅಡ್ಡ ನಿಂತು, “ಒಂಚೂರ್ ಹೊರ್ಗ್ ಕೂಕಣಿ ಸಾರ್. ಮಕ್ಳ್ ಉಂಡ್ ಆಯ್ಲಿ,” ಎಂದರು.

“ಆಗಲಿ ಅಮ್ಮ. ಎಷ್ಟು ಹೊತ್ತಾಗುತ್ತೆ ಅಂತ ನನಗೆ ಗೊತ್ತು,” ಎಂದರು ಅಂದು ಚಾಪೆಯ ಮೇಲೆ ಕೂತಿದ್ದ ಅದೇ ಅಧಿಕಾರಿ.

ಮಗಳು ಗುಲಾಬಿ ಫ್ರಾಕಿನಲ್ಲಿದ್ದಳು. ಬೆಳೆದಿದ್ದಳಲ್ಲ, ಅತ್ತೆ ಬದಿಗೆ ಬಟ್ಟೆ ಕೊಟ್ಟು ಹೊಲಿಸಿದ್ದರು. ಸಾರಿನಲ್ಲಿ ನುಣ್ಣಗೆ ಅರೆದ ನೀರುದೋಸೆಯ ಮೊದಲ ತುತ್ತು ನಾಲಿಗೆಗೆ ತಾಗಿದಾಗ ಅವಳ ಕಣ್ಣು ಅಗಲವಾಯಿತು. ಎರಡನೆಯದು ಎದೆಯ ಮೇಲೆ ಇಳಿಯಿತು, ಮೂರನೆಯದು ನಗುವಿನ ಜೊತೆ ಹೊರಗೆ ಬಂದು ನನ್ನ ಮುಖಕ್ಕೇ ಹಾರಿತು. ಫ್ರಾಕು ಕೆಂಪಾಯಿತು. ಯಾರೂ ಒರೆಸಲು ಓಡಿ ಬರಲಿಲ್ಲ. ಅವಳು ತನಗೆ ಬೇಕಾದಷ್ಟು ಹೊತ್ತು ಉಂಡಳು, ಹೊಟ್ಟೆ ತುಂಬ ಉಂಡಳು.

ದೊಡ್ಡವರ ಎಲೆಗೆ ಬಡಿಸುವಾಗ ಸಾರು ಪೂರಾ ತಣ್ಣಗಾಗಿತ್ತು. ಬಿಸಿ ಮಾಡಿ ತರುತ್ತೇನೆ ಎಂದು ಅತ್ತೆ ಏಳಲಿಲ್ಲ.